ಅಕ್ಕ ಕೆರೆದ ಒಲೆ

ನಾನು ಚಿಕ್ಕವಳಿದ್ದಾಗ ಹಾವಿಗೆ ಹೆದರಿದವಳಲ್ಲ, ಕತ್ತಲೆಗೂ ಅಷ್ಟಾಗಿ ಅಂಜಿದವಳಲ್ಲ. ಆದರೆ ಒಂದು ದಿನ ನಮ್ಮ ಅಡುಗೆಮನೆಯ ಒಲೆಗೆ ಹೆದರಿದ್ದೆ. ಎಂಥಾ ಹೆದರಿಕೆ ಎಂದರೆ, ಇವತ್ತಿಗೂ ನೆನೆಸಿಕೊಂಡರೆ ಅಂಗೈ ಬೆವರುತ್ತದೆ. ಒಲೆಗೆ ಯಾರಾದರೂ ಹೆದರುತ್ತಾರಾ ಎಂದು ನೀವು ನಗಬಹುದು. ಗುಂಡಿ ತಿರುಗಿಸಿದರೆ ಹತ್ತಿ, ಇನ್ನೊಮ್ಮೆ ತಿರುಗಿಸಿದರೆ ಆರುವ ಒಲೆಯನ್ನಷ್ಟೇ ಕಂಡವರು ನೀವು, ನಗದೆ ಇನ್ನೇನು ಮಾಡುತ್ತೀರಿ?

ನಮ್ಮ ಮನೆ ಅಂಕೋಲೆಯ ಹತ್ತಿರ, ಬೊಬ್ರುವಾಡದ ಗದ್ದೆಗಳ ಅಂಚಿನಲ್ಲಿತ್ತು. ಜಗಲಿಗೆ ಮತ್ತು ಒಳಕೋಣೆಗೆ ಮಣ್ಣಿನ ಗೋಡೆ. ಹಿಂದಿನ ಅಡುಗೆಮನೆಗೆ ಮಾತ್ರ ತೆಂಗಿನ ಮಡಲು ಹೆಣೆದ ತಟ್ಟಿಯೇ ಗೋಡೆ. ಮೇಲೆ ಹುಲ್ಲಿನ ಮಾಡು. ತಟ್ಟಿಯ ಆಚೆ ಆ ವರ್ಷದ ಹುಲ್ಲನ್ನೆಲ್ಲ ಅಪ್ಪ ಒಟ್ಟಿದ್ದ, ಅದರ ಪಕ್ಕದಲ್ಲಿ ನಮ್ಮ ಕೆಂಪು ಆಕಳನ್ನು ಕಟ್ಟುತ್ತಿದ್ದೆವು. ಮಧ್ಯಾಹ್ನವಾಗುತ್ತಿದ್ದ ಹಾಗೆ ಸಮುದ್ರದ ಗಾಳಿ ಗದ್ದೆ ದಾಟಿ ಬಂದು ತಟ್ಟಿಯ ಸಂದಿಯಲ್ಲಿ ಸುಯ್ ಎನ್ನುತ್ತಿತ್ತು. ಅದರ ಜೊತೆಗೆ ಉಪ್ಪಿನ ವಾಸನೆ, ಯಾರದೋ ಅಂಗಳದಲ್ಲಿ ಒಣಗಲು ಹಾಕಿದ ಮೀನಿನ ವಾಸನೆ ಬರುತ್ತಿತ್ತು. ಬೇರೆ ಕಾಲದಲ್ಲಿ ನನಗೆ ಆ ಗಾಳಿ ಬಹಳ ಇಷ್ಟ. ಬೇಸಿಗೆಯಲ್ಲಿ ಮಾತ್ರ ದೊಡ್ಡವರು ಅದನ್ನು ಕಂಡರೆ ಮುಖ ಗಂಟಿಕ್ಕುತ್ತಿದ್ದರು.

ಯಾಕೆಂದರೆ ಹಿಂದಿನ ಬೇಸಿಗೆಯಲ್ಲಿ ನಮ್ಮ ಕೇರಿಯ ಕೊನೆಯ ಮನೆಗೆ ಬೆಂಕಿ ಬಿದ್ದಿತ್ತು. ನಾವು ಓಡಿ ಹೋಗುವಷ್ಟರಲ್ಲಿ ಮಾಡು ಕೆಳಗೆ ಕೂತಿತ್ತು. ಜನ ಕೊಡದಲ್ಲಿ ನೀರು ತಂದು ಎರಚಿದ್ದು ಎರಚಿದ್ದೇ, ಆ ಗಾಳಿಯ ಎದುರು ಯಾರ ಆಟವೂ ನಡೆಯಲಿಲ್ಲ. ಮರುದಿನ ನೋಡಿದರೆ ಉಳಿದದ್ದು ಬಾವಿ, ರುಬ್ಬುವ ಕಲ್ಲು, ಅರ್ಧ ಸುಟ್ಟ ತುಳಸಿ ಗಿಡ. ಆ ಮನೆಯ ಹೆಂಗಸು ಬೂದಿಯಲ್ಲಿ ಕೋಲಿನಿಂದ ಏನನ್ನೋ ಹುಡುಕುತ್ತ ನಿಂತಿದ್ದಳು. ಒಲೆಯ ಹಿಂಬದಿ ಒಡೆದು ಕಿಡಿ ತಟ್ಟಿಗೆ ಹಾರಿತಂತೆ ಎಂದು ಆಮೇಲೆ ಕೇರಿಯಲ್ಲೆಲ್ಲ ಮಾತಾಯಿತು.

ಆಯಿ, ಅಂದರೆ ನನ್ನ ಅಮ್ಮ, ಅಂದಿನಿಂದ ಒಲೆಯ ವಿಷಯದಲ್ಲಿ ಇನ್ನಷ್ಟು ಬಿಗಿಯಾದಳು. ನಮ್ಮ ಒಲೆಯನ್ನು ಅವಳೇ ಹುತ್ತದ ಮಣ್ಣು ಕಲಸಿ ಕಟ್ಟಿದ್ದಳು. ದೊಡ್ಡ ಒಲೆ ಒಂದು, ಅದರ ಮಗ್ಗುಲಿಗೆ ಅದೇ ಬೆಂಕಿಯಲ್ಲಿ ಕಾಯುವ ಚಿಕ್ಕ ಕೊಡಿಯೊಲೆ ಒಂದು. ಬೆಳಗಾದರೆ ಬೂದಿ ತೆಗೆದು, ಜರಡಿ ಹಿಡಿದ ಕೆಮ್ಮಣ್ಣಿಗೆ ಸೆಗಣಿ ಸೇರಿಸಿ, ಮಜ್ಜಿಗೆಯ ಹದಕ್ಕೆ ಕದಡಿ, ಹಳೇ ಸೀರೆಯ ತುಂಡನ್ನು ಅದರಲ್ಲಿ ಅದ್ದಿ ಒಲೆಯನ್ನು ಸಾರಿಸುತ್ತಿದ್ದಳು. ಒಂದು ಕೈ ಹೀಗೆ, ಒಂದು ಕೈ ಹಾಗೆ, ಅಷ್ಟೇ. ತೆಳ್ಳಗಿನ ಒಂದು ಪದರ. ತಣ್ಣಗಿನ ಒಲೆಯ ಮೇಲೆ ಹಸಿ ಮಣ್ಣು ಬಿದ್ದಾಗ ಮೊದಲ ಮಳೆಗೆ ಅಂಗಳದಿಂದ ಏಳುವಂಥ ಪರಿಮಳ ಬರುತ್ತಿತ್ತು. ನಾನು ಹಾಸಿಗೆಯಲ್ಲೇ ಮಲಗಿ ಅದನ್ನು ಮೂಸುತ್ತಿದ್ದೆ.

ಒಲೆಗೆ ಗೀರು ಬೀಳಬಾರದು ಎಂದು ಆಯಿ ಮಾಡಿದ ಕಾನೂನು ಒಂದೆರಡಲ್ಲ. ಪಾತ್ರೆಯನ್ನು ಎತ್ತಿ ಇಡಬೇಕು, ಎಳೆಯಬಾರದು. ಬೂದಿಯನ್ನು ತೆಂಗಿನ ಗರಟೆಯಿಂದ ತೆಗೆಯಬೇಕು, ಕಬ್ಬಿಣದ ಸಟ್ಟುಗ ಒಲೆಯ ಹತ್ತಿರವೂ ಸುಳಿಯಬಾರದು. ಕಟ್ಟಿಗೆಯನ್ನು ಒಲೆಯ ಬಾಯಿಗೆ ತಾಗದ ಹಾಗೆ ತೂರಿಸಬೇಕು. ಎಲ್ಲಕ್ಕಿಂತ ದೊಡ್ಡದು, ಕಾದ ಒಲೆಯ ಮೇಲೆ ನೀರು ಚೆಲ್ಲಬಾರದು, ಚೆಲ್ಲಿದರೆ ಒಲೆ ಪಟ್ ಎಂದು ಸೀಳುತ್ತದೆ. ಇವತ್ತಿನ ಸಣ್ಣ ಗೀರೇ ನಾಳೆ ಬಿರುಕಾಗುತ್ತದೆ, ಬಿರುಕು ಬಿಟ್ಟರೆ ಬೆಂಕಿಗೆ ಬಾಗಿಲು ತೆಗೆದುಕೊಟ್ಟ ಹಾಗೆ ಎಂದು ಅವಳು ಹೇಳುತ್ತಿದ್ದಳು. ಅಪ್ಪ ಬೀಡಿ ಹಚ್ಚಲು ಇಕ್ಕಳದಲ್ಲಿ ಕೆಂಡ ತೆಗೆದರೂ ಬೈಗುಳ ತಪ್ಪುತ್ತಿರಲಿಲ್ಲ. ಊರಿಗೆಲ್ಲ ಜೋರು ಮಾಡುವ ಅಪ್ಪ ಅಡುಗೆಮನೆಯಲ್ಲಿ ಬೆಕ್ಕಿನ ಹಾಗೆ ಕಾಲಿಡುತ್ತಿದ್ದ.

ಅಷ್ಟು ವರ್ಷದ ಸಾರಣೆ ಸೇರಿ ಸೇರಿ ನಮ್ಮ ಒಲೆ ದಪ್ಪಗೆ, ಉಬ್ಬುತಗ್ಗಾಗಿ ಕೂತಿತ್ತು. ನೋಡಲು ಚಂದವಿತ್ತು ಎಂದು ಹೇಳಲಾರೆ. ಅಂಚಿನಲ್ಲಿ ಅಲ್ಲಲ್ಲಿ ಗಂಟು ಕಟ್ಟಿ, ಹಿಂಬದಿಯಲ್ಲಿ ಕಪ್ಪು ತಿರುಗಿ, ಮುದುಕಿಯ ಮೊಣಕಾಲಿನ ಹಾಗೆ ಕಾಣುತ್ತಿತ್ತು. ಆಯಿಗೆ ಅದರ ಚಿಂತೆ ಇರಲಿಲ್ಲ. ಚಿಂತೆ ಶುರುವಾದದ್ದು ಅಕ್ಕನಿಗೆ, ಅದೂ ಅವಳಿಗೆ ರಾಮನಗುಳಿಯ ಕಡೆಯಿಂದ ಸಂಬಂಧ ಬಂದಾಗ.

ಆಗ ನಮ್ಮ ಕಡೆಯ ಕೆಲವು ಮನೆತನಗಳಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣು ನೋಡಲು ಬಂದವರಲ್ಲಿ ಹಿರಿಯ ಹೆಂಗಸೊಬ್ಬಳು ಚಾ ಕುಡಿಯುವ ಮೊದಲು ಅಡುಗೆಮನೆಗೆ ಹೋಗಿ ಒಲೆ ಮುಟ್ಟಿ ನೋಡುತ್ತಿದ್ದಳು. ಹುಡುಗಿಯ ಮುಖ ಆಮೇಲೆ, ಮೊದಲು ಒಲೆ. ಈ ಹುಡುಗನ ಸೋದರತ್ತೆ ಅದರಲ್ಲಿ ಹೆಸರು ಮಾಡಿದವಳು. ಸುಂಕಸಾಳದಲ್ಲಿ ಒಂದು ಮನೆಯ ಒಲೆಯ ಮೇಲೆ ಕೈಯಾಡಿಸಿ, ಒಂದೂ ಮಾತಾಡದೆ, ಚಾವನ್ನೂ ಮುಟ್ಟದೆ ಎದ್ದು ಹೋದಳಂತೆ. ಈ ಸುದ್ದಿಯನ್ನು ನಮ್ಮ ಮನೆಗೆ ತಂದವರು ಉಪ್ಪು ಖಾರ ಸೇರಿಸಿಯೇ ತಂದಿರಬೇಕು. ಅಕ್ಕ ಅದನ್ನು ಕೇಳಿದವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನಗಂತೂ ಆ ಸೋದರತ್ತೆ ಎಂದರೆ ಮಾಡಿನಷ್ಟು ಎತ್ತರದ, ದೊಡ್ಡ ಕೈಯ ಹೆಂಗಸು ಎಂದೇ ಕಣ್ಣಿಗೆ ಕಟ್ಟಿತ್ತು.

ಅವರು ಬರುವ ದಿನ ಬೆಳಿಗ್ಗೆ ಆಯಿ ಸಕ್ಕರೆ, ಚಾಪುಡಿ, ಬಾಳೆಹಣ್ಣು ತರಲು ಅಂಕೋಲೆ ಪೇಟೆಗೆ ಹೋದಳು. ಅಪ್ಪ ಅವರನ್ನು ಕರೆತರಲು ಬಸ್ಸಿನ ಹತ್ತಿರ ಹೋದ. ಮನೆಯಲ್ಲಿ ಅಕ್ಕ, ನಾನು ಇಬ್ಬರೇ. ಅಕ್ಕ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಹೋಗಿ ಹುಲ್ಲು ಕೊಯ್ಯುವ ಕತ್ತಿ ತಂದಳು.

"ಅಕ್ಕಾ, ಕಬ್ಣ ತಾಗ್ಸಬಾರ್ದು ಅಂದಳೆ ಆಯಿ," ಎಂದೆ.

"ಸುಮ್ನಿರು ನೀ. ಇಂಥಾ ಒಲೆ ಕಂಡ್ರೆ ಅವ್ರು ಹೊಸ್ಲ ಮೇಲಿಂದೇ ತಿರ್ಗಿ ಹೋತ್ರು," ಎಂದಳು ಅಕ್ಕ.

ಕತ್ತಿಯ ತುದಿಯಿಂದ ಅವಳು ಒಲೆಯನ್ನು ಕೆರೆಯತೊಡಗಿದಳು. ಕರ್ ಕರ್ ಎಂಬ ಸದ್ದಿಗೆ ನನ್ನ ಹಲ್ಲು ಜುಮ್ಮೆಂದಿತು. ಹಳೇ ಸಾರಣೆ ಹಪ್ಪಳದ ಹಾಗೆ ಎದ್ದು ಎದ್ದು ಬಿತ್ತು. ಒಂದು ಪದರ ಕೆಂಪು, ಅದರ ಕೆಳಗೆ ಕಂದು, ಅದರ ಕೆಳಗೆ ಬೂದು ಬಣ್ಣ. ನೆಲದ ಮೇಲೆ ಬುಟ್ಟಿ ತುಂಬುವಷ್ಟು ಚೂರು ಬಿತ್ತು. ಆಮೇಲೆ ಅವಳು ಕೆಮ್ಮಣ್ಣನ್ನು ಗಟ್ಟಿಯಾಗಿ, ರೊಟ್ಟಿ ಹಿಟ್ಟಿನ ಹಾಗೆ ಕಲಸಿ, ಬೆರಳು ದಪ್ಪಕ್ಕೆ ಮೆತ್ತಿ, ಅಂಗೈಗೆ ನೀರು ಹಚ್ಚಿಕೊಂಡು ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿದಳು. ಅಂಚಿಗೆ ಶೇಡಿಮಣ್ಣಿನ ಬಿಳಿ ಗೆರೆ ಎಳೆದಳು. ನಿಜ ಹೇಳುತ್ತೇನೆ, ಅಂಥ ಚಂದದ ಒಲೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಕ್ಕ ಎರಡು ಹೆಜ್ಜೆ ಹಿಂದೆ ನಿಂತು ನೋಡಿ, ಆ ವಾರದಲ್ಲಿ ಮೊದಲ ಬಾರಿ ನಕ್ಕಳು.

ಆದರೆ ಮಣ್ಣು ಹಸಿಯಾಗಿತ್ತು. ಅವರು ಬರುವುದರೊಳಗೆ ಒಣಗಬೇಕಲ್ಲ? ಅಕ್ಕ ತೆಂಗಿನ ಸಿಪ್ಪೆ, ಗರಟೆ ಎಲ್ಲ ತುಂಬಿ ಜೋರಾಗಿ ಬೆಂಕಿ ಮಾಡಿದಳು. ಒಲೆಯಿಂದ ಹಬೆ ಎದ್ದಿತು. ಕೆಂಪು ಬಣ್ಣ ನಮ್ಮ ಕಣ್ಣೆದುರೇ ತಿಳಿಯಾಗುತ್ತ ಬಂದಿತು. ಒಣಗಿತು ಒಣಗಿತು ಎಂದು ಅಕ್ಕ ಚಪ್ಪಾಳೆ ಹೊಡೆದಳು. ಕೆರೆದ ಚೂರನ್ನೆಲ್ಲ ಗುಡಿಸಿ ಬಾಳೆಯ ಬುಡಕ್ಕೆ ಎಸೆದು ಬಂದು ನನ್ನ ರಟ್ಟೆ ಹಿಡಿದು, "ಅವ್ರ ಎದ್ರಿಗೆ ಒಲೆ ಸುದ್ದಿ ಎತ್ತಿದ್ರೆ ನೋಡು. ನನ್ನ ಲಗ್ನ ಮುರ್ದ್ರೆ ನೀನೇ ಮುರ್ದಂಗೆ," ಎಂದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ನಾನು ತಲೆಯಾಡಿಸಿದೆ. ಹೊಗೆಗೆ ಬಂದ ನೀರಲ್ಲ ಅದು ಎಂದು ನನಗೂ ತಿಳಿದಿತ್ತು.

ಆಯಿ ಪೇಟೆಯಿಂದ ಓಡೋಡಿ ಬಂದಳು. ಅಡುಗೆಮನೆಗೆ ಕಾಲಿಟ್ಟವಳೇ ಒಲೆ ನೋಡಿ ನಿಂತುಬಿಟ್ಟಳು. "ಎಂತ ಮಾಡ್ದ್ಯೇ ಇದಕ್ಕೆ?" ಎಂದು ಅವಳು ಕೇಳುವುದಕ್ಕೂ ಅಂಗಳದಲ್ಲಿ ಅಪ್ಪನ ಕೆಮ್ಮು ಕೇಳುವುದಕ್ಕೂ ಸರಿಹೋಯಿತು. ಬೇಕೆಂದೇ ದೊಡ್ಡದಾಗಿ ಕೆಮ್ಮಿದ್ದ. ಬಂದರು ಎಂದು ಅರ್ಥ. ಆಯಿ ಸೆರಗು ಸರಿಮಾಡಿಕೊಂಡು ಜಗಲಿಗೆ ಹೋದಳು, ಅಕ್ಕ ಸೀರೆ ಉಡಲು ಒಳಕೋಣೆಗೆ ಹೋದಳು. ಚಾದ ನೀರು ಒಲೆಯ ಮೇಲಿತ್ತು, ಕೊಡಿಯೊಲೆಯಲ್ಲಿ ಹಾಲು. ಅದನ್ನು ಕಾಯುವ ಕೆಲಸ ನನಗೆ ಬಿತ್ತು.

ನಾನು ಮಣೆಯ ಮೇಲೆ ಕೂತು ಜಗಲಿಯ ಮಾತಿಗೆ ಕಿವಿಗೊಟ್ಟಿದ್ದೆ. ಹುಡುಗನ ಅಪ್ಪನ ದಪ್ಪ ದನಿ ಕೇಳುತ್ತಿತ್ತು. ಬಸ್ಸಿನ ಧೂಳು, ಗಂಗಾವಳಿ ಹೊಳೆಯಲ್ಲಿ ಇಳಿದ ನೀರು, ಈ ಸಲದ ಭತ್ತ ಎಂದು ಏನೇನೋ ಮಾತು. ಸೋದರತ್ತೆಯ ದನಿ ಮಾತ್ರ ಇಲ್ಲ. ಅವಳು ಮಾತಾಡದಿದ್ದದ್ದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಆಗ ಒಲೆಯಿಂದ ಟಿಕ್ ಎಂದು ಸಣ್ಣ ಸದ್ದು ಬಂತು.

ನೋಡಿದರೆ ಒಲೆಯ ಬೆನ್ನ ಮೇಲೆ ಒಂದು ಗೆರೆ. ಅಕ್ಕ ಎಳೆದ ಬಿಳಿ ಗೆರೆಯನ್ನೇ ದಾಟಿಕೊಂಡು ಕೂದಲೆಳೆಯಷ್ಟು ತೆಳ್ಳಗೆ ಇಳಿದಿತ್ತು. ಇನ್ನೊಂದು ಟಿಕ್. ಗೆರೆ ಕವಲೊಡೆಯಿತು. ಹೊಸ ಮಣ್ಣಿನ ಒಂದು ದೊಡ್ಡ ಹೆಕ್ಕಳಿಕೆ ಬಾಗಿ, ಮೆಲ್ಲಗೆ ಕಳಚಿ ಹಿಂದಕ್ಕೆ ಬಿತ್ತು. ಅದರ ಅಡಿಯಲ್ಲಿ ಹಳೇ ಗೋಡೆ ಇರಬೇಕಿತ್ತಲ್ಲ, ಅದು ಸುಟ್ಟು ಸುಟ್ಟು ಪುಡಿಯಾಗಿತ್ತು. ಅದನ್ನು ಅಷ್ಟು ದಿನ ಹಿಡಿದಿಟ್ಟಿದ್ದೇ ಅಕ್ಕ ಕೆರೆದು ಎಸೆದ ಪದರಗಳು. ಆ ಪುಡಿ ಸುರಿದು ಅಲ್ಲೊಂದು ಸೀಳು ಬಿಟ್ಟಿತು. ಸೀಳಿನ ಒಳಗೆ ಕೆಂಪಗೆ ಬೆಂಕಿ ಕಂಡಿತು.

ಒಲೆಗೂ ತಟ್ಟಿಗೂ ನಡುವೆ ಒಂದು ಮೊಳ ಜಾಗವೂ ಇರಲಿಲ್ಲ. ಮಧ್ಯಾಹ್ನದ ಗಾಳಿ ಬೇರೆ ಎದ್ದಿತ್ತು. ಗಾಳಿ ಒಲೆಯ ಬಾಯಿಗೆ ಹೊಕ್ಕಾಗಲೆಲ್ಲ ಹಿಂದಿನ ಸೀಳಿನಿಂದ ಒಂದು ನಾಲಿಗೆ ಹೊರಗೆ ಚಾಚಿ ಮತ್ತೆ ಒಳಗೆ ಹೋಗುತ್ತಿತ್ತು. ನಾನು ಅಕ್ಕ ಉಳಿಸಿದ್ದ ಮಣ್ಣಿನ ಬಕೆಟ್ಟಿನಿಂದ ಒಂದು ಹಿಡಿ ತೆಗೆದು ಸೀಳಿನ ಮೇಲೆ ಒತ್ತಲು ಹೋದೆ. ನನ್ನ ಕೈ ಅಲ್ಲಿಗೆ ಮುಟ್ಟಲಿಲ್ಲ. ಒಲೆಯ ಮೇಲೆ ಬಗ್ಗಿದರೆ ಚಾದ ಹಬೆ ಮುಖಕ್ಕೆ ಹೊಡೆಯಿತು. ಎಸೆದ ಮಣ್ಣು ಅಂಚಿಗೆ ತಾಗಿ ಚುಂಯ್ ಎಂದು ಒಣಗಿ ಉದುರಿತು. ಬೆರಳ ತುದಿ ಸುಟ್ಟಿತು.

ನೀರು ಎರಚಲೇ? ಕೊಡ ಪಕ್ಕದಲ್ಲೇ ಇತ್ತು. ಆದರೆ ಕಾದ ಒಲೆಗೆ ನೀರು ಬಿದ್ದರೆ ಸೀಳುತ್ತದೆ ಎಂದು ಆಯಿ ನೂರು ಸಲ ಹೇಳಿದ್ದು ಕಿವಿಯಲ್ಲೇ ಇತ್ತು. ಒಲೆಯೇ ಎರಡು ಹೋಳಾದರೆ ಕೆಂಡವೆಲ್ಲ ತಟ್ಟಿಯ ಬುಡಕ್ಕೆ! ಕೊಡದ ಕಂಠಕ್ಕೆ ಹೋದ ಕೈ ಹಿಂದೆ ಬಂತು. ಕೂಗಲೇ? ಕೂಗಿದರೆ ಅವರೆಲ್ಲ ಬರುತ್ತಾರೆ, ಒಲೆ ನೋಡುತ್ತಾರೆ, ಅಕ್ಕನ ಲಗ್ನ ಮುರಿಯುತ್ತದೆ.

ಜಗಲಿಯ ಬಾಗಿಲ ತನಕ ಓಡಿದೆ. ಆಯಿ ಬಾಳೆಹಣ್ಣಿನ ತಟ್ಟೆ ಹಿಡಿದು ನಿಂತಿದ್ದಳು. ನನ್ನನ್ನು ಕಂಡವಳೇ ಹುಬ್ಬು ಏರಿಸಿದಳು. ಚಾ ಆಯಿತೇ ಎಂದು ಕೇಳುವ ಹುಬ್ಬು ಅದು. ನಾನು ಇಲ್ಲ ಎಂದು ತಲೆಯಾಡಿಸಿ, ಒಳಗೆ ಬಾ ಎಂದು ಕೈಸನ್ನೆ ಮಾಡಿದೆ. ಹೋಗು, ಮುಂದೆ ಬರಬೇಡ ಎಂದು ಅವಳು ಕಣ್ಣಲ್ಲೇ ಗದರಿದಳು. ಕಂಬಕ್ಕೆ ಒರಗಿ ಕೂತಿದ್ದ ಹೆಂಗಸು ನನ್ನನ್ನು ನೋಡಿದಳು. ಸಣ್ಣ ಆಳು, ಹಣೆಯ ಮೇಲೆ ದೊಡ್ಡ ಕುಂಕುಮ, ಹಸಿರು ರೇಷ್ಮೆ ಸೀರೆ. ನಾನು ಅಂದುಕೊಂಡಿದ್ದ ರಾಕ್ಷಸಿ ಇವಳೇ ಎಂದು ತಿಳಿಯಲು ನನಗೆ ಒಂದು ಕ್ಷಣ ಹಿಡಿಯಿತು. ಹಾಗೇ ಹಿಂದೆ ತಿರುಗಿ ಓಡಿದೆ.

ಅಷ್ಟರಲ್ಲಿ ಹೊಗೆಯ ವಾಸನೆ ಬೇರೆಯಾಗಿತ್ತು. ಕಟ್ಟಿಗೆಯ ಹೊಗೆ ನಮಗೆಲ್ಲ ಗೊತ್ತು. ಇದು ಮಡಲು ಸುಡುವ ವಾಸನೆ. ತಟ್ಟಿಯ ಮೇಲೆ ರೂಪಾಯಿ ಅಗಲದ ಒಂದು ಕಪ್ಪು ಕಲೆ, ಅದರ ಅಂಚಿನಲ್ಲಿ ಕೆಂಪು ಹುಳದಂತೆ ಹರಿದಾಡುವ ಕಿಡಿ. ತಟ್ಟಿಯ ಆಚೆ ಆಕಳು ಒಮ್ಮೆ ಜೋರಾಗಿ ಉಸಿರುಬಿಟ್ಟಿತು. ನನ್ನ ಕಣ್ಣ ಮುಂದೆ ಆ ಸುಟ್ಟ ಮನೆ ಬಂತು, ಬೂದಿಯಲ್ಲಿ ಕೋಲಾಡಿಸುವ ಹೆಂಗಸು ಬಂದಳು. ಆ ಜಾಗದಲ್ಲಿ ಆಯಿ ನಿಂತ ಹಾಗೆ ಕಂಡಿತು.

ಹಿಂದೆ ಬಳೆಯ ಸದ್ದಾಯಿತು. ಸೋದರತ್ತೆ ಅಡುಗೆಮನೆಯ ಹೊಸ್ತಿಲಲ್ಲಿದ್ದಳು. ಪದ್ಧತಿಯಂತೆ ಒಲೆ ನೋಡಲು ಬಂದಿದ್ದಳು. ನಾನು ಏನೂ ಯೋಚಿಸದೆ ಎರಡೂ ಕೈ ಅಗಲಿಸಿ ಒಲೆಗೆ ಅಡ್ಡ ನಿಂತೆ. ಬೆನ್ನಿಗೆ ಬಿಸಿ ಹತ್ತುತ್ತಿತ್ತು.

"ಆಚೆ ಸರಿ ತಂಗೀ, ಒಲೆ ನೋಡ್ತೆ," ಎಂದಳು ಅವಳು. ದನಿ ಮೆತ್ತಗಿತ್ತು.

ಅವಳ ಮುಖ ನೋಡಿದೆ. ಅಕ್ಕನ ಲಗ್ನ ಒಂದು ಕಡೆ, ಮನೆ ಒಂದು ಕಡೆ. ಕೊನೆಗೆ ಅಳುವಿನ ಜೊತೆಗೆ ಮಾತೂ ಹೊರಬಿತ್ತು: "ನೋಡೂದು ಬೇಡ. ಒಡ್ದದೆ. ತಟ್ಟಿಗೆ ಬೆಂಕಿ ಹತ್ತದೆ!"

ಅವಳು ನನ್ನನ್ನು ಬದಿಗೆ ಸರಿಸಿ ಒಂದೇ ಸಲ ನೋಡಿದಳು. ಆಮೇಲೆ ಆದದ್ದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಆಯಿತು. ಚಾದ ಪಾತ್ರೆಯನ್ನು ಕೆಳಗಿಳಿಸಿ, ಉರಿಯುವ ಕಟ್ಟಿಗೆಯನ್ನು ಬರಿಗೈಯಲ್ಲಿ ಎಳೆದು ನೆಲದ ಮೇಲೆ ಚೆಲ್ಲಿದಳು. "ಮಣ್ಣು ಎಲ್ಲದೆ? ತಾ!" ಎಂದಳು. ನಾನು ಬಕೆಟ್ಟನ್ನು ಎಳೆದು ತಂದೆ. ಅವಳು ಆ ಹಸಿರು ರೇಷ್ಮೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯನ್ನು ಮೊಣಕೈವರೆಗೆ ಮಣ್ಣಿನಲ್ಲಿ ಅದ್ದಿ, ಒಲೆಯ ಮೇಲೆ ಎದೆಯೊಡ್ಡಿ ಬಗ್ಗಿ ಸೀಳಿಗೆ ಮಣ್ಣು ಬಡಿದಳು. ಬಡಿದು ಅಂಗೈಯಿಂದ ಒತ್ತಿ ಹಿಡಿದಳು. ಚುಂಯ್ ಎಂದಿತು. ಅವಳು ಕೈ ತೆಗೆಯಲಿಲ್ಲ.

ನನ್ನ ಕಿರುಚಾಟಕ್ಕೆ ಅಪ್ಪ ಓಡಿ ಬಂದ. ಬಂದವನೇ ಕೊಡ ಎತ್ತಿ ಒಲೆಯ ಮೇಲೆ ಸುರಿಯಹೋದ. "ಒಲೆಗೆ ಬೇಡ ಮಾರಾಯಾ! ತಟ್ಟಿಗೆ ಹೊಯ್ಯಿ, ತಟ್ಟಿಗೆ!" ಎಂದು ಅವಳು ಕೂಗಿದಳು. ಅಪ್ಪ ತಟ್ಟಿಗೆ ಹೊಯ್ದ. ಹುಡುಗನ ಅಪ್ಪ ಹೊರಗಿಂದ ಸುತ್ತಿ ಹೋಗಿ ಆಕಳ ಹಗ್ಗ ಬಿಚ್ಚಿ, ಹುಲ್ಲನ್ನು ಕಾಲಿಂದ ಒದ್ದು ದೂರ ಮಾಡಿದ. ಆಯಿ ಬಾವಿಗೆ ಓಡಿ ಇನ್ನೊಂದು ಕೊಡ ತಂದಳು. ಹಸಿ ಹೊಗೆ ಅಡುಗೆಮನೆಯ ತುಂಬ ತುಂಬಿತು. ಎಲ್ಲರೂ ಕೆಮ್ಮುತ್ತ ನಿಂತರು. ತಟ್ಟಿಯಲ್ಲಿ ಮೊರದಷ್ಟು ಅಗಲದ ಕಂಡಿ ಬಿದ್ದಿತ್ತು. ಅದರೊಳಗಿಂದ ಹಿತ್ತಲಿನ ಬಾಳೆಗಿಡಗಳು ಕಂಡವು. ಬೆಂಕಿ ಆರಿತ್ತು.

ಅಕ್ಕ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ತಲೆಯಲ್ಲಿ ಅಬ್ಬಲಿಗೆ ಹೂವಿನ ದಂಡೆ, ಮುಖದಲ್ಲಿ ರಕ್ತವೇ ಇರಲಿಲ್ಲ. ಸೋದರತ್ತೆ ಮಣ್ಣಿನ ಕೈಯನ್ನು ಹಾಗೇ ಮುಂದೆ ಚಾಚಿಕೊಂಡು, ಒಲೆಯ ಅಂಚನ್ನು, ಕತ್ತಿಯ ಗೀರನ್ನು ಬಗ್ಗಿ ನೋಡಿದಳು.

"ಒಲೆ ಕೆರ್ದವ್ರು ಯಾರು?" ಎಂದು ಕೇಳಿದಳು.

ಅಪ್ಪ ನೆಲ ನೋಡಿದ. ಆಯಿ ಏನೋ ಹೇಳಹೋಗಿ, "ಅದು, ನಾವು..." ಎಂದು ತಡವರಿಸಿದಳು. ಕೆರೆದದ್ದು ತಾನೇ ಎಂದು ಅವಳು ಹೇಳುವವಳಿದ್ದಳು ಎಂದು ನನಗೆ ಈಗಲೂ ಅನಿಸುತ್ತದೆ. ಅಷ್ಟರಲ್ಲಿ ಅಕ್ಕ ಮುಂದೆ ಬಂದಳು.

"ನಾ ಕೆರ್ದೆ. ಆಯಿಗೆ ಗೊತ್ತಿಲ್ಲ."

"ಎಂತಕೆ ಕೆರ್ದೆ?"

"ನೀವು ನೋಡೂಕೆ ಬತ್ರಿ ಅಂತ. ನುಣ್ಣಗೆ ಇರಲಿ ಅಂತ," ಎಂದು ಅಕ್ಕ ಬಿಕ್ಕಿದಳು.

ಸೋದರತ್ತೆ ನೆಲದ ಮೇಲೆ ಕೂತೇಬಿಟ್ಟಳು. ಅವಳ ಮೈ ನಡುಗುತ್ತಿತ್ತು. ಅವಳೂ ಹೆದರಿದ್ದಳು ಎಂದು ನನಗೆ ಆಗ ತಿಳಿಯಿತು. "ನುಣ್ಣಗೆ ಅದ್ಯೋ ಇಲ್ವೋ ಅಂತ ನಾ ಯಾರ ಒಲೆನೂ ಮುಟ್ಟೂದಿಲ್ಲ ಹುಡ್ಗೀ. ನುಣ್ಣಗೆ ಮಾಡೂಕೆ ಒಂದು ಬೆಳಗು ಸಾಕು. ಪದರ ಎಷ್ಟದೆ ಅಂತ ನೋಡೂದು. ಗಂಟು ಗಂಟಾಗಿ, ದಪ್ಪಗೆ ಅದೆ ಅಂದ್ರೆ ಆ ಮನೇಲಿ ದಿನಾ ಸಾರ್ಸವ್ರು ಅದರೆ ಅಂತ ಅರ್ಥ. ನಾ ನೋಡೂಕೆ ಬಂದಿದ್ದೇ ನೀ ಕೆರ್ದು ಬಿಸಾಕಿದ್ಯಲೇ ಮಾರಾಯ್ತಿ," ಎಂದಳು.

ಅಕ್ಕ ಅಳುವುದನ್ನೂ ಮರೆತು ಅವಳನ್ನೇ ನೋಡಿದಳು. ಆಯಿ ಬಾಳೆಯ ಬುಡಕ್ಕೆ ಹೋಗಿ, ಅಲ್ಲಿ ಬಿದ್ದಿದ್ದ ಒಂದು ದಪ್ಪ ಚೂರನ್ನು ತಂದು ಸೋದರತ್ತೆಯ ಮಡಿಲಲ್ಲಿಟ್ಟಳು. ಅವಳು ಅದರ ಅಂಚನ್ನು ತಿರುಗಿಸಿ ನೋಡಿದಳು. ಕೆಂಪು, ಕಂದು, ಬೂದು, ಮತ್ತೆ ಕೆಂಪು. ಉಗುರಿನಿಂದ ಒಂದೊಂದನ್ನೂ ಮುಟ್ಟುತ್ತ ಹೋದಳು. ಅವಳ ಅಂಗೈಗೆ ಆಯಿ ಕೊಬ್ಬರಿ ಎಣ್ಣೆ ಹಚ್ಚಿದಳು. ಬೊಬ್ಬೆ ಎದ್ದಿತ್ತು. ಆ ಹೊತ್ತಿಗೆ ಚಾ ಮಾಡಲು ಒಲೆ ಎಲ್ಲಿತ್ತು? ಪಕ್ಕದ ಮನೆಯಿಂದ ಚಾ ಬಂತು. ಅವಳು ಅದನ್ನು ಪೂರ್ತಿ ಕುಡಿದಳು. ಲೋಟ ಖಾಲಿಯಾಗುವ ತನಕ ನಾನು ಕಣ್ಣು ಕೀಳದೆ ನೋಡಿದೆ.

ಹೊರಡುವಾಗ ಅವಳು ಆಯಿಗೆ, "ಹುಡ್ಗಿ ಸುಳ್ಳು ಹೇಳ್ಲಿಲ್ಲ. ಒಲೆ ಸಾರ್ಸೂದು ಕಲಿಸ್ಬಹುದು," ಎಂದಳು. ಆಮೇಲೆ ನನ್ನ ತಲೆಯ ಮೇಲೆ ಎಣ್ಣೆಯ ಕೈಯಿಟ್ಟು, "ಇವ್ಳಿಗೆ ಕಲಿಸೂದು ಎಂತದೂ ಇಲ್ಲ," ಎಂದಳು. ನನಗೆ ಮತ್ತೆ ಅಳು ಬಂತು. ಈ ಸಲ ಯಾಕೆಂದು ನನಗೇ ತಿಳಿಯಲಿಲ್ಲ.

ಸುಗ್ಗಿ ಹಬ್ಬ ಕಳೆದ ಮೇಲೆ ಅಕ್ಕನ ಲಗ್ನವಾಯಿತು. ಅವಳು ರಾಮನಗುಳಿಗೆ ಹೋದಳು. ಆಯಿ ಒಲೆಯ ಹಿಂಬದಿಯನ್ನು ಪೂರ್ತಿ ಕೆಡವಿ ಕಟ್ಟುತ್ತಾಳೆ ಎಂದು ನಾವು ಅಂದುಕೊಂಡಿದ್ದೆವು. ಅವಳು ಕೆಡವಲಿಲ್ಲ. ಸೋದರತ್ತೆ ಬಡಿದ ಮಣ್ಣು ಅಲ್ಲೇ ಬೆಂದು ಗಟ್ಟಿಯಾಗಿತ್ತು. ಅದರ ಮೇಲೆ ಐದೂ ಬೆರಳು ಮೂಡಿತ್ತು. ಅದರ ಸುತ್ತ ಹೊಸ ಮಣ್ಣು ಕಟ್ಟಿ ಒಲೆಯನ್ನು ಭದ್ರ ಮಾಡಿದಳು. ಬೆಳಿಗ್ಗೆ ಸಾರಿಸುವಾಗ ಅವಳ ಕೈ ಅಲ್ಲಿ ನಿಧಾನವಾಗುತ್ತಿತ್ತು. ಬಟ್ಟೆಯ ತುದಿಯಿಂದ ಬೆರಳು ಬೆರಳಿಗೂ ತೆಳ್ಳಗೆ ಒರೆಸುತ್ತಿದ್ದಳು. ನಾನು ದೊಡ್ಡವಳಾಗಿ ಆ ಕೆಲಸ ನನಗೆ ಬಂದಾಗ ನಾನೂ ಹಾಗೇ ಮಾಡಿದೆ. ವರ್ಷ ಕಳೆದ ಹಾಗೆ ಆ ಬೆರಳುಗಳು ಪದರದೊಳಗೆ ಮುಚ್ಚಿಹೋದವು.

ಈಗ ನಾನು ಕಾರವಾರದಲ್ಲಿ ಮಗನ ಮನೆಯಲ್ಲಿದ್ದೇನೆ. ಇಲ್ಲಿ ಕರೆಂಟಿನ ಒಲೆ. ಮೇಲೆ ಕನ್ನಡಿಯಂಥ ಕರಿ ಗಾಜು. ಬೆಂಕಿ ಕಾಣುವುದಿಲ್ಲ, ಹೊಗೆಯಿಲ್ಲ, ಪಾತ್ರೆ ಎತ್ತಿದರೆ ತಾನೇ ಕೂಗಿ ಆರುತ್ತದೆ. ಗಾಜಿಗೆ ಗೀರು ಬೀಳಬಾರದೆಂದು ಸೊಸೆ ಆಯಿಯಷ್ಟೇ ಕಾನೂನು ಮಾಡಿದ್ದಾಳೆ. ಪಾತ್ರೆ ಎಳೆಯಬಾರದು, ಒರಟು ನಾರಿನಿಂದ ತಿಕ್ಕಬಾರದು, ಮೆತ್ತನೆಯ ಬಟ್ಟೆಯಿಂದಲೇ ಒರೆಸಬೇಕು. ಬೆರಳಿನ ಗುರುತು ಬಿದ್ದರೆ ಅದು ಹೋಗುವ ತನಕ ಅವಳಿಗೆ ಸಮಾಧಾನವಿಲ್ಲ. ಇದು ಅಂಗಡಿಯಿಂದ ತಂದ ದಿನದ ಹಾಗೆಯೇ ಉಳಿಯಬೇಕು. ನಮ್ಮದು ದಿನಕ್ಕೊಂದು ಪದರ ಹಳೆಯದಾಗುತ್ತ ಗಟ್ಟಿಯಾಗಬೇಕಿತ್ತು. ನಮ್ಮ ಒಲೆಯ ಗೀರಿಗೆ ಹಿಡಿ ಮಣ್ಣು ಸಾಕಾಗುತ್ತಿತ್ತು. ಗಾಜು ಒಡೆದರೆ ರಿಪೇರಿಯವನೂ ಬಂದು ತಲೆಯಾಡಿಸಿ ಹೋಗುತ್ತಾನೆ.

ಮೊನ್ನೆ ಸಂಜೆ ನನ್ನ ಮೊಮ್ಮಗಳು ಆಟ ಬಿಟ್ಟು ಬಂದು ನನ್ನ ಮಗ್ಗುಲಲ್ಲಿ ಸುಮ್ಮನೆ ಕೂತಳು. ಮುಖ ಬಿಳಚಿಕೊಂಡಿತ್ತು. ಆಮೇಲೆ ನನ್ನ ಕಿವಿಯಲ್ಲಿ ಹೇಳಿದಳು. ಮೇಲಿನ ಕಪಾಟಿನಿಂದ ಡಬ್ಬಿ ತೆಗೆಯುವಾಗ ಚಪಾತಿ ಮಣೆ ಜಾರಿ ಗಾಜಿನ ಮೇಲೆ ಬಿದ್ದಿತ್ತಂತೆ, ಒಲೆ ಉದ್ದಕ್ಕೆ ಬಿರುಕು ಬಿಟ್ಟಿತ್ತಂತೆ. ಅದರ ಮೇಲೆ ದೊಡ್ಡ ತಟ್ಟೆ ಮುಚ್ಚಿ ಬಂದಿದ್ದಳು. ಬಿರುಕಿನೊಳಗೆ ಹಾಲು ಉಕ್ಕಿ ಇಳಿದರೆ ಕರೆಂಟು ಹೊಡೆಯಬಹುದು. ಅವಳು ಹೆದರಿದ್ದು ಕರೆಂಟಿಗಲ್ಲ, ಅಮ್ಮನಿಗೆ. ನಾನು ಅವಳನ್ನು ಬೈಯಲಿಲ್ಲ, ನಿನ್ನ ಅಮ್ಮ ಬೈಯುವುದಿಲ್ಲ ಎಂದು ಸುಳ್ಳೂ ಹೇಳಲಿಲ್ಲ. ಅವಳನ್ನು ಹತ್ತಿರ ಕೂರಿಸಿಕೊಂಡು ಅಕ್ಕನ ಒಲೆಯ ಕಥೆ ಶುರುಮಾಡಿದೆ.

ನಾನು ಒಲೆಗೆ ಅಡ್ಡ ನಿಂತ ತನಕ ಕಥೆ ಬಂದಿತ್ತು. ಆಗ ಗೇಟಿನ ಸದ್ದಾಯಿತು. ಮೊಮ್ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಅಂಗೈ ಬೆವರಿತ್ತು. ಮುಂದೇನಾಯಿತು ಎಂದು ಅವಳು ಕೇಳಲಿಲ್ಲ. ನನ್ನ ಕೈ ಬಿಟ್ಟು ಎದ್ದು ಬಾಗಿಲಿಗೆ ಓಡಿದಳು. ಅವಳ ಅಮ್ಮ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

"ಅಮ್ಮಾ, ಒಲೆ ಹಚ್ಚಬೇಡ," ಎಂದಳು.